ಹೊಸ ಮೂಗು

‘ಏನೂ ವಾಸನೆ ಇಲ್ಲ ಅತ್ತೆ,’ ಎಂದಳು ಸೊಸೆ, ಮೊಟ್ಟೆಕೋಳಿಗಳ ಶೆಡ್ಡಿನ ಬಾಗಿಲಲ್ಲಿ ನಿಂತು.

ಅತ್ತೆ ಶೆಡ್ಡಿನ ಬದಿಯ ಪರದೆ ಎತ್ತುವ ಹಿಡಿಕೆಯಿಂದ ಕೈ ತೆಗೆದರು. ಚಳಿಯೆಂದು ರಾತ್ರಿಯೆಲ್ಲ ಪರದೆ ಇಳಿಬಿಟ್ಟಿದ್ದರು. ಎತ್ತಿದರೆ ಕೋಳಿ ನಡುಗುತ್ತದೆ, ಎತ್ತದಿದ್ದರೆ ಹಿಕ್ಕೆಯಿಂದೇಳುವ ಅಮೋನಿಯಾ ಒಳಗೇ ನಿಲ್ಲುತ್ತದೆ. ಎಷ್ಟು ಎತ್ತಬೇಕೆಂದು ಹೇಳುವುದು ಸೊಸೆಯ ಕೆಲಸ. ಇಪ್ಪತ್ತೈದು ವರ್ಷ ಈ ಗಾಳಿ ಕುಡಿದ ಅತ್ತೆಗಾಗಲಿ, ಇದರಲ್ಲೇ ಬೆಳೆದ ಅವರ ಮಗನಿಗಾಗಲಿ ಏನೂ ತಿಳಿಯುತ್ತಿರಲಿಲ್ಲ. ಮದುವೆಯಾಗಿ ಎಂಟು ತಿಂಗಳಾದ ಇವಳದು ಹೊಸ ಮೂಗು. ‘ಮೂಗಿಗೆ ಹೊಡೀತಿದೆ’ ಅಂದರೆ ಪರದೆ ಅರ್ಧ, ‘ನಿಲ್ಲೋಕಾಗಲ್ಲ’ ಅಂದರೆ ಪೂರ್ತಿ.

ಹತ್ತು ಗಂಟೆಗೆ ಕೋಳಿ ಡಾಕ್ಟರು ಬಂದರು. ಒಳಗೆ ಕಾಲಿಟ್ಟವರೇ ಕರವಸ್ತ್ರ ತೆಗೆದರು. ಒಂದು ಕೋಳಿ ಕಣ್ಣು ಮುಚ್ಚಿಕೊಂಡು, ತಲೆಯನ್ನು ರೆಕ್ಕೆಗೆ ಉಜ್ಜುತ್ತಿತ್ತು. ಡಾಕ್ಟರು ಅದರ ಪಕ್ಕ ಕುಕ್ಕರುಗಾಲಲ್ಲಿ ಕೂತು ಅಮೋನಿಯಾ ಅಳೆಯುವ ಮೀಟರು ಹಿಡಿದರು.

‘ಮೂವತ್ತೆಂಟು. ಇಪ್ಪತ್ತು ದಾಟಬಾರದು. ಯಾರಿಗೂ ಗೊತ್ತಾಗ್ಲಿಲ್ವಾ?’

‘ಇವಳು ಇಲ್ಲ ಅಂದ್ಲು,’ ಎಂದ ಗಂಡ.

‘ನಿಮಗೇನಮ್ಮ, ನೆಗಡಿನಾ?’

‘ಇಲ್ಲ,’ ಎಂದಳು ಸೊಸೆ.

‘ಒಂದು ಮೀಟರು ತಗೊಳ್ಳಿ ಅಂತ ಹೋದ ಸಲವೇ ಹೇಳಿದ್ದೆ.’

‘ಮನೇಲೇ ಮೂಗಿರೋವಾಗ ಮೀಟರು ಯಾಕೆ ಅಂತ...’ ಗಂಡ ಅರ್ಧಕ್ಕೇ ನಿಲ್ಲಿಸಿ ಪರದೆ ಎತ್ತಲು ಹೋದ.

ಸೊಸೆ ಅಡುಗೆಮನೆಗೆ ಬಂದು ಬೆಳ್ಳುಳ್ಳಿ ಜಜ್ಜಿ ಮೂಗಿನ ಹತ್ತಿರ ಹಿಡಿದಳು. ಆಮೇಲೆ ಸೋಪು. ಆಮೇಲೆ ಬೆಂಕಿಕಡ್ಡಿ ಗೀರಿ ಆರಿಸಿ, ಅದನ್ನು. ಅತ್ತೆ ಬಾಗಿಲಿಗೊರಗಿ ನೋಡುತ್ತಿದ್ದರು.

‘ಬರ್ತಿಲ್ವಾ?’

‘ಬೆಳ್ಳುಳ್ಳಿ ಬರುತ್ತೆ. ಪಕ್ಕದ ಮನೇಲಿ ಜಜ್ಜಿದ ಹಾಗೆ.’

‘ನಂದು ಎರಡು ವರ್ಷ ತಡೀತು. ಮೊದಲು ಸೋಪು ಹೋಯ್ತು. ಕೊನೆಗೆ ಮಗೂನ ನೆತ್ತಿ ವಾಸನೆ.’

‘ಆಗ ನಿಮ್ಮತ್ತೆ ಏನಂದ್ರು?’

‘ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂದ್ರು. ಸೊಸೆ ಬರೋ ತನಕ ಹೆಂಗೋ ಅಂದಾಜಲ್ಲಿ ಎತ್ತು ಅಂದ್ರು.’ ಅತ್ತೆ ಬೆಳ್ಳುಳ್ಳಿಯ ಸಿಪ್ಪೆ ಗುಡಿಸಿ ಕೈಗೆತ್ತಿಕೊಂಡರು. ‘ಡಾಕ್ಟರ ಮಾತಿಗೆ ತಲೆ ಕೆಡಿಸ್ಕೋಬೇಡ. ಚಿಕ್ಕವನಿಗೂ ಹೆಣ್ಣು ನೋಡ್ತಿದೀವಲ್ಲ.’

ಹೆಣ್ಣಿನ ಫೋಟೋ ಸಂಜೆಯೇ ಬಂತು. ಗಂಡನ ಮೊಬೈಲು ಕೈಯಿಂದ ಕೈಗೆ ಹೋಯಿತು. ಎತ್ತರ ಸಾಲದೇನೋ ಎಂದರು ಅತ್ತೆ. ನಗು ಚೆನ್ನಾಗಿದೆ ಎಂದ ಗಂಡ. ಮೈದುನ ಇನ್ನೊಮ್ಮೆ ಇಸಿದುಕೊಂಡು ನೋಡಿದ. ಕೊನೆಗೆ ಮೊಬೈಲು ಸೊಸೆಯ ಕೈಗೆ ಬಂತು. ಅವಳು ಹುಡುಗಿಯ ಮುಖವನ್ನು ಎರಡು ಬೆರಳಲ್ಲಿ ಹಿಗ್ಗಿಸಿ, ಬಹಳ ಹೊತ್ತು ನೋಡಿದಳು.

‘ಹೇಳು, ಹೇಗಿದ್ದಾಳೆ?’ ಎಂದರು ಅತ್ತೆ.

‘ಮೂಗು ಚೆನ್ನಾಗಿದೆ,’ ಎಂದು ಸೊಸೆ ಮೊಬೈಲು ಗಂಡನ ಕೈಗಿಟ್ಟಳು. ‘ಮೊದಲು ಮೀಟರು ಮನೆಗೆ ಬರ್ಲಿ. ಆಮೇಲೆ ಇವಳು.’