ಗಾಜಿನ ಕೋಣೆಯ ಜಗಳ

ಕತ್ತರಿ ಹಿಡಿದು ಎದ್ದ ಕೋಟಕ್ಕನನ್ನು ಗುಡುಗಮ್ಮ ರಟ್ಟೆ ಹಿಡಿದು ಕೂರಿಸಿದಳು.

"ಬಿಡೇ ನನ್ನ! ಆ ಬೆಲ್ಟನ್ನ ಚೂರು ಚೂರು ಮಾಡಿಬಿಡ್ತೀನಿ."

"ಆಮೇಲೆ? ನೀನು ಮನೆಗೆ ಹೋಗ್ತೀಯ, ಹೊಸ ಬೆಲ್ಟು ಬರುತ್ತೆ. ಸಿಟ್ಟು ಹಾಳು ಮಾಡ್ಕೋಬೇಡ ಕಣೇ. ನನಗೆ ಕೊಡು. ನಾನಿಲ್ವಾ?"

ಆ ಹೊಲಿಗೆ ಕಾರ್ಖಾನೆಯಲ್ಲಿ ಒಂದು ಕೋಟೆಂದರೆ ಒಬ್ಬಳದು. ಬಟ್ಟೆ ಕೈಗೆ ಬಂದಲ್ಲಿಂದ ಕೊನೆಯ ಗುಂಡಿಯವರೆಗೆ ಅವಳದೇ ಕೈ. ಮುಗಿದ ಮೇಲೆ ಕಾಲರಿನೊಳಗೆ, ಯಾರ ಕಣ್ಣಿಗೂ ಬೀಳದ ಕಡೆ, ಅವರವರ ಬಣ್ಣದ ನೂಲಿನಲ್ಲಿ ಒಂದು ಹೊಲಿಗೆ. ಕೋಟಕ್ಕನದು ಹಸಿರು. ಹೊಸ ಮ್ಯಾನೇಜರ್ ಬಂದವನೇ ರಬ್ಬರ್ ಬೆಲ್ಟು ಹಾಸಲು ಶುರುಮಾಡಿದ. ಇನ್ನು ಮೇಲೆ ಕೋಟು ಅದರ ಮೇಲೆ ಸಾಗಿ ಬರುತ್ತದೆ. ಕೋಟಕ್ಕ ಎಡತೋಳು ಹಚ್ಚಬೇಕು. ಎಡತೋಳು ಮಾತ್ರ. ಕೈಕಾಲು ಗಟ್ಟಿ ಇರುವವರೆಗೂ.

"ಬಲತೋಳು ಯಾರಿಗಕ್ಕಾ?" ಎಂದಳು ಪಕ್ಕದ ಮಶೀನಿನವಳು.

"ನಿನ್ನ ಗಂಡನಿಗೆ!"

ಗುಡುಗಮ್ಮ ಕೆಲಸಕ್ಕೆ ಸೇರಿ ಹೆಚ್ಚು ದಿನವಾಗಿರಲಿಲ್ಲ. ತನ್ನ ಮಶೀನಿನ ಮುಂದೆ ಕೂತದ್ದಕ್ಕಿಂತ ಬೇರೆಯವರ ಮಶೀನಿನ ಪಕ್ಕ ನಿಂತದ್ದೇ ಜಾಸ್ತಿ. ಯಾರು ಒಳಗೊಳಗೇ ಕುದಿಯುತ್ತಿದ್ದಾರೆಂದು ಅವಳಿಗೆ ತಟ್ಟನೆ ಗೊತ್ತಾಗುತ್ತಿತ್ತು. ಕೇಳಿಸಿಕೊಂಡು, ಸೆರಗು ಬಿಗಿದು, ಮಹಡಿ ಹತ್ತುತ್ತಿದ್ದಳು.

ಮೇಲಿನ ಗಾಜಿನ ಕೋಣೆಯ ಮಾತು ಕೆಳಗೆ ಕೇಳಿಸದು, ಕಾಣಿಸುತ್ತದಷ್ಟೆ. ಗುಡುಗಮ್ಮ ಮೇಜು ಗುದ್ದುವಳು, ಮ್ಯಾನೇಜರ್ ತಲೆ ತಗ್ಗಿಸುವನು.

"ನೋಡ್ರೇ, ಹೇಗೆ ಉಗೀತಿದಾಳೆ!"

"ಉಗಿಯೇ ನಮ್ಮಮ್ಮಾ, ನನ್ನ ಪಾಲಿಂದೂ ಸೇರಿಸಿ ಉಗಿ!"

ಅಷ್ಟು ಕೂಗಾಡಿ ಇಳಿದು ಬಂದರೂ ಅವಳ ದನಿ ಒಂದಿಷ್ಟೂ ಒಡೆದಿರುತ್ತಿರಲಿಲ್ಲ. ಎಂಥ ಗಂಟಲಪ್ಪಾ ಎಂದು ಎಲ್ಲರಿಗೂ ಬೆರಗು.

"ಗೆದ್ವಿ ಕಣ್ರೇ! ಬೆನ್ನಿಗೆ ಆಸರೆ ಇರೋ ಕುರ್ಚಿ ಕೊಡ್ತಾನಂತೆ!"

ಚಪ್ಪಾಳೆ. ಇನ್ನೊಂದು ಸಲ ಫ್ಯಾನು. ಮತ್ತೊಂದು ಸಲ ಕೂತಲ್ಲಿಗೇ ಟೀ. ಒಂದೊಂದು ಚಪ್ಪಾಳೆಗೂ ಬೆಲ್ಟು ಒಂದೊಂದು ಸಾಲು ಮುಂದೆ ಬಂತು. ಅದು ಓಡಲು ಶುರುವಾದ ದಿನ ಕೂಗಾಡಲು ಯಾರಲ್ಲೂ ಸಿಟ್ಟೇ ಉಳಿದಿರಲಿಲ್ಲ.

ಕೋಟಕ್ಕನಲ್ಲಿ ಉಳಿದಿತ್ತು. ಎಡತೋಳು, ಎಡತೋಳು, ಮತ್ತೆ ಎಡತೋಳು. ಮೇಲೆ ಫ್ಯಾನು ತಿರುಗುತ್ತಿತ್ತು, ಒಳಗೆ ಧಗಧಗ ಉರಿಯುತ್ತಿತ್ತು. ಗುಡುಗಮ್ಮನಿಗೆ ಕಡ್ಡಿ ಮುರಿದ ಹಾಗೆ ಹೇಳಿಬಿಡಬೇಕು: ಕುರ್ಚಿ ಬೇಡ, ನಮ್ಮ ಕೋಟು ನಮಗೆ ಬೇಕು. ಇಲ್ಲವೆಂದರೆ ಎಲ್ಲರೂ ಎದ್ದು ಹೊರಗೆ ನಡೆಯೋಣ.

ತಲೆಯೆತ್ತಿದರೆ, ಗುಡುಗಮ್ಮ ಆಗಲೇ ಮೇಲಿದ್ದಳು. ಮ್ಯಾನೇಜರ್ ಎದುರು ನಿಂತು ಕೈ ಝಾಡಿಸುತ್ತಿದ್ದಳು.

"ಪಾಪ, ಒಬ್ಬಳೇ ಹೊಡೆದಾಡ್ತಿದಾಳೆ," ಎಂದುಕೊಂಡ ಕೋಟಕ್ಕನ ಕಣ್ಣು ತುಂಬಿತು. ಇಷ್ಟು ದಿನ ಅವಳೊಬ್ಬಳನ್ನೇ ಮುಂದೆ ಬಿಟ್ಟು ಕೆಳಗೆ ಕೂತು ಚಪ್ಪಾಳೆ ತಟ್ಟಿದೆವಲ್ಲ, ಥೂ ನಮ್ಮ ಜನ್ಮಕ್ಕೆ! ಮಶೀನು ನಿಲ್ಲಿಸಿ, ಅವಳ ಪಕ್ಕದಲ್ಲಿ ನಿಲ್ಲಲೆಂದು ದಡದಡನೆ ಮೆಟ್ಟಿಲು ಹತ್ತಿದಳು. ಬಾಗಿಲನ್ನು ಅರ್ಧ ತಳ್ಳಿದಳು.

ಬಾಗಿಲಿಗೆ ಬೆನ್ನು ಹಾಕಿ ನಿಂತಿದ್ದ ಗುಡುಗಮ್ಮನ ಬೆರಳು ಮ್ಯಾನೇಜರನ ಮೂಗಿನ ಮುಂದೆ ಕುಣಿಯುತ್ತಿತ್ತು. ದನಿ ಮಾತ್ರ ಮಗುವನ್ನು ಮಲಗಿಸುವಷ್ಟು ಮೆತ್ತಗಿತ್ತು.

"ಮುಂದಿನ ಕಾರ್ಖಾನೆಯಲ್ಲಿ ಮೊದಲ ವಾರವೇ ನನ್ನನ್ನ ಕೆಲಸದಿಂದ ತೆಗೆದ ಹಾಗೆ ನಾಟಕ ಮಾಡಿ ಸಾರ್, ಜನ ಇನ್ನೂ ಬೇಗ ನಂಬ್ತಾರೆ."