ಏಣಿಯ ಮೇಲಿನ ಕಾಲು

ಕೈಗಾರಿಕಾ ಸುರಕ್ಷತೆಯ ಪ್ರಾಕ್ಟಿಕಲ್ ಪರೀಕ್ಷೆಗೆ ಅಟೆಂಡರ್ ಎಂದಿನಂತೆ ಸತ್ತ ಕಾರ್ಮಿಕರ ಹೆಲ್ಮೆಟ್‌ಗಳನ್ನು ಹಂಚಿದ. ಹಾಕಿಕೊಂಡವರಿಗೆ ಸತ್ತವರ ಕೊನೆಯ ಹತ್ತು ನಿಮಿಷ ಎದೆಬಡಿತದ ಸಮೇತ ತಮ್ಮದೇ ಎಂಬಂತೆ ಅನುಭವವಾಗುತ್ತದೆ. ಅವರು ಮಾಡಿದ ತಪ್ಪನ್ನು ಗುರುತಿಸಿದರೆ ಇಪ್ಪತ್ತು ಅಂಕ.

ಸುಗುಣಳಿಗೆ ಬಣ್ಣದ ಕಾರ್ಖಾನೆಯ ಟ್ಯಾಂಕ್ ಕಂಡಿತು. ಏಣಿ ಹಿಡಿದ ಕೈಯ ಮೇಲೆ ಅವಳದೇ ಹೆಸರಿನ ಹಚ್ಚೆಯಿತ್ತು. ಹೋದ ವರ್ಷ ತೀರಿಕೊಂಡ ಅಪ್ಪನ ಕೈ ಅದು. ತಳದಲ್ಲಿ ಜೊತೆಗಾರ ಬಿದ್ದಿದ್ದ. ಮಾಸ್ಕ್ ತರುವವರೆಗೂ ಕಾಯದೆ ಅಪ್ಪ ಇಳಿದೇಬಿಟ್ಟರು.

‘ವಿಷಾನಿಲವಿದ್ದ ಟ್ಯಾಂಕಿಗೆ ಮಾಸ್ಕ್ ಇಲ್ಲದೆ ಇಳಿದದ್ದು ತಪ್ಪು’ ಎಂದು ಅವಳು ಬರೆದಳು. ಮೇಷ್ಟ್ರು ಪೂರ್ತಿ ಅಂಕ ಕೊಟ್ಟರು.

ಹೊರಗೆ ಗೆಳತಿ ನಸೀಮಾ ಕಣ್ಣೊರೆಸಿಕೊಳ್ಳುತ್ತಿದ್ದಳು. “ನಂಗೆ ಟ್ಯಾಂಕ್ ಒಳಗೆ ಬಿದ್ದೋನ ಹೆಲ್ಮೆಟ್ ಬಂದಿತ್ತು ಕಣೇ. ಪಾಪ, ಎಷ್ಟು ಹೆದರ್ಕೊಂಡಿದ್ದ. ಏಣಿ ಮೇಲೆ ಯಾರದೋ ಕಾಲು ಕಾಣಿಸ್ತು ನೋಡು, ಅಷ್ಟಕ್ಕೇ ಅವನ ಭಯ ಎಲ್ಲಾ ಹೋಗ್ಬಿಡ್ತು.”