ಹಳದಿ ಚುಕ್ಕೆ

"ಎರಡು ತಿಂಗಳಲ್ಲಿ ಇದು ನಾಲ್ಕನೇ ಸಲ," ಎಂದರು ಕಾರಿನ ಯಜಮಾನರು, ಬಾಗಿಲನ್ನು ಧಡಾರನೆ ಹಾಕಿ. "ಎ.ಸಿ. ರಿಪೇರಿ ಮಾಡಿ ಕಳಿಸ್ತೀರೋ, ಕೆಡಿಸಿ ಕಳಿಸ್ತೀರೋ?"

ಐಸ್ ಮೇಸ್ತ್ರಿಗೆ ಮೈಯೆಲ್ಲ ಉರಿಯಿತು. ಇಪ್ಪತ್ತೆರಡು ವರ್ಷದಿಂದ ಕಾರುಗಳ ಎ.ಸಿ. ಒಂದನ್ನೇ ರಿಪೇರಿ ಮಾಡುತ್ತ ಬಂದವನು. ಆ ಹೆಸರು ಬಿದ್ದದ್ದೇ ಹಾಗೆ. ಮೋಸಗಾರ ಎಂದು ಈವರೆಗೆ ಯಾರೂ ಅಂದಿರಲಿಲ್ಲ.

ಹಿಂದಿನ ಮೂರು ಸಲ ಕಾರು ತಂದವರು ಯಜಮಾನರ ಹೆಂಡತಿ ಮತ್ತು ಡ್ರೈವರ್. ಇವತ್ತೂ ಹೆಂಡತಿ ಬೆಂಚಿನ ತುದಿಯಲ್ಲಿ, ಹೂಕುಂಡದ ಪಕ್ಕ ಕುಳಿತರು. ಡ್ರೈವರ್ ಒಳಗೆ ಬರಲಿಲ್ಲ. ಎಂದಿನಂತೆ ರಸ್ತೆಬದಿಯಲ್ಲಿ ನಿಂತು ಆಚೀಚೆ ನೋಡುತ್ತಿದ್ದ.

ಗಾಳಿ ರಭಸವಾಗಿಯೇ ಬರುತ್ತಿತ್ತು, ಆದರೆ ಬೆಚ್ಚಗೆ. ಮೇಸ್ತ್ರಿ ಬಾನೆಟ್ ಎತ್ತಿದ. ಕಂಪ್ರೆಸರ್ ತಿರುಗುತ್ತಿರಲಿಲ್ಲ. ಫ್ಯೂಸ್ ಡಬ್ಬಿ ತೆರೆದು ನೋಡಿದರೆ, ಕಂಪ್ರೆಸರಿಗೆ ಕರೆಂಟು ಹಾಯಿಸುವ ರಿಲೇಯ ಜಾಗ ಖಾಲಿ. ರಿಲೇ ಎಂದರೆ ಹೆಬ್ಬೆರಳ ತುದಿಯಷ್ಟು ದೊಡ್ಡ ಕಪ್ಪು ವಸ್ತು.

ಮೂರು ಸಲವೂ ಇದೇ ಕತೆ. ಯಾರೋ ಬೇಕೆಂದೇ ಕೀಳುತ್ತಿದ್ದಾರೆ ಎಂದು ಎರಡನೇ ಸಲವೇ ಆ ಹೆಂಗಸಿಗೆ ಹೇಳಿದ್ದ. "ಮನೇಲಿ ಹೇಳ್ಬೇಡಿ," ಎಂದಿದ್ದರು ಅವರು. "ಯಾರದೋ ಹೊಟ್ಟೆ ಮೇಲೆ ಹೊಡ್ದ ಹಾಗಾಗುತ್ತೆ." ಡ್ರೈವರನ್ನು ಕಾಪಾಡುತ್ತಿದ್ದಾರೆ ಎಂದು ಮೇಸ್ತ್ರಿ ಸುಮ್ಮನಾಗಿದ್ದ. ಗ್ಯಾಸಿನ ಒತ್ತಡ ನೋಡದೆ ಕಾರು ಬಿಡುವವನಲ್ಲ ಅವನು. ಒಂದು ಗಂಟೆ ಹಿಡಿಯುತ್ತಿತ್ತು. ಅಷ್ಟರಲ್ಲಿ ಅವರು ನೀರು ತರುತ್ತೇನೆಂದು ಎದುರಿನ ಶಾಲೆಯ ಪಕ್ಕದ ಅಂಗಡಿಗೆ ಹೋಗಿ, ಬರಿಗೈಯಲ್ಲಿ ಬರುತ್ತಿದ್ದರು. ಮನಸ್ಸು ಸರಿಯಿಲ್ಲದವರು, ಪಾಪ.

ಆದರೆ ಇವತ್ತು ಪ್ರಶ್ನೆ ಅವನ ಹೆಸರಿನದು.

"ಇಲ್ಲಿ ನೋಡಿ ಸಾರ್. ನಾನು ಹಾಕೋ ಪ್ರತಿ ಸಾಮಾನಿಗೂ ಹಳದಿ ಚುಕ್ಕೆ ಇಟ್ಟು ತಾರೀಕು ಗೀರ್ತೀನಿ. ಮೂರು ರಿಲೇ ಹಾಕಿದೀನಿ, ಮೂರೂ ಮಾಯ. ತಾನಾಗಿ ಬಿದ್ದುಹೋಗೋ ವಸ್ತು ಅಲ್ಲ ಇದು. ನಿಮ್ಮ ಕಡೆಯವರೇ ಯಾರೋ ಕೀಳ್ತಿದ್ದಾರೆ."

ಯಜಮಾನರು ಹೆಂಡತಿಯ ಕಡೆ ತಿರುಗಿದರು. ಅವರು ಬಾಯಿ ತೆರೆಯುವಷ್ಟರಲ್ಲಿ ಬಾಗಿಲಿಗೆ ಬಂದ ಡ್ರೈವರ್ ಹೇಳಿಬಿಟ್ಟ.

"ನಾನೇ ತೆಗ್ದೆ ಸಾರ್. ಮಾರ್ಕೊಂಡೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಮೇಸ್ತ್ರಿ ಕಂಡಿದ್ದ. ಇವನು ಹೆಗಲನ್ನೇ ಮುಂದೊಡ್ಡಿದ.

"ಹಳೇ ಗಂಡನ ಮನೆಯದು ಏನೂ ಬರಬಾರ್ದು ಅಂತ ಮದುವೆಗೆ ಮುಂಚೇನೇ ಇವಳಿಗೆ ಹೇಳಿದ್ದೆ," ಎಂದರು ಯಜಮಾನರು. "ಹೋಗ್ಲಿ ಅಂತ ಈ ಡ್ರೈವರ್ ಒಬ್ಬನನ್ನ ಬಿಟ್ಕೊಂಡೆ. ನಾಯಿ ಬಾಲ ಡೊಂಕೇ." ಅವರು ಕೈ ಚಾಚಿದರು. ಡ್ರೈವರ್ ಆ ಕೈಗೆ ಕೀಲಿಕೈ ಇಟ್ಟು ನಡೆದುಹೋದ. ಒಂದು ಕೆಲಸ ಹೋಗಲು ಅಷ್ಟು ಹೊತ್ತು ಸಾಕಾಯಿತು.

ಹೊಸ ರಿಲೇ ಕೂತಿತು. ಕಂಪ್ರೆಸರ್ ತಿರುಗಿತು, ಗಾಳಿ ತಣ್ಣಗಾಯಿತು.

"ಗ್ಯಾಸ್ ಕೂಡ ನೋಡ್ತೀನಿ ಸಾರ್, ಒಂದು ಗಂಟೆ."

"ಬೇಡ. ಆ ಡಬ್ಬಿಗೆ ಪಟ್ಟಿ ಹಾಕಿ ಬಿಗಿ ಮಾಡಿ. ಇನ್ನು ಕಾರು ನಾನೇ ಓಡಿಸ್ತೀನಿ. ಈ ಕಡೆ ಬರೋ ಕೆಲಸವೇ ಇರಬಾರ್ದು."

ಹೆಂಡತಿ ಗೋಡೆಯ ಗಡಿಯಾರ ನೋಡಿದರು. ಮೂರೂಕಾಲು. "ಒಂದು ಹತ್ತು ನಿಮಿಷ ಕೂತು ಹೋಗೋಣ. ಹೊರಗೆ ಸೆಖೆ."

"ಕಾರಲ್ಲಿ ತಣ್ಣಗಿದೆಯಲ್ಲ. ಹತ್ತು."

ಅವರು ಹತ್ತಿದರು. ಕಾರು ತಿರುವು ದಾಟಿತು.

ಮಾನ ಉಳಿಯಿತು ಎಂದು ಮೇಸ್ತ್ರಿ ನೀರು ಕುಡಿದ, ಉಳಿದದ್ದನ್ನು ಹೂಕುಂಡಕ್ಕೆ ಸುರಿದ. ಮಣ್ಣು ಕುಸಿದ ಕಡೆ ಏನೋ ಹೊಳೆಯಿತು. ಬೆರಳಿನಿಂದ ಕೆದಕಿದ. ನಾಲ್ಕು ರಿಲೇಗಳು. ಮೊದಲನೆಯದು ಕಾರಿನ ಜೊತೆಗೇ ಬಂದದ್ದು. ಉಳಿದ ಮೂರರ ಮೇಲೂ ಹಳದಿ ಚುಕ್ಕೆ, ಅವನದೇ ಕೈಬರಹದ ತಾರೀಕು. ಡ್ರೈವರ್ ಒಂದು ದಿನವೂ ಈ ಬೆಂಚಿನ ಹತ್ತಿರ ಸುಳಿದವನಲ್ಲ.

ಎದುರಿನ ಶಾಲೆಯ ಗಂಟೆ ಹೊಡೆಯಿತು. ಮಕ್ಕಳ ಗುಂಪಿನಿಂದ ಒಬ್ಬ ಪುಟ್ಟ ಹುಡುಗಿ ಬೇರೆಯಾಗಿ ಅಂಗಡಿಯ ಬಳಿ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಓಡುತ್ತ ರಸ್ತೆ ದಾಟಿ ಬಂದಳು. ಖಾಲಿ ಬೆಂಚು ನೋಡಿದಳು. ಕಾರು ನಿಂತಿದ್ದ ಜಾಗ ನೋಡಿದಳು.

"ಅಂಕಲ್, ಅಮ್ಮನ ಕಾರು ಇನ್ನು ಯಾವಾಗ ಕೆಡುತ್ತೆ?"